ನಾಲಗೆಗೆ ಹಿಡಿದ ಜೋಮು

ಹಲ್ಲು ಕೀಳಿಸಿಕೊಂಡು ಮನೆಗೆ ಬಂದವರ ತುಟಿ ಎರಡು ಮೂರು ಗಂಟೆ ಮರಗಟ್ಟಿರುವುದನ್ನು ನೀವು ಬಲ್ಲಿರಿ. ಹೊತ್ತು ಕಳೆದಂತೆ ಜೋಮು ಬಿಡುತ್ತದೆ. ನಾವು ಅದನ್ನು ಮರೆಯುತ್ತೇವೆ. ಬಿಡದಿದ್ದರೆ? ೨೦೧೯ರಲ್ಲಿ ನನ್ನ ಕೆಳದವಡೆಗೆ ಸೂಜಿಮದ್ದು ಕೊಡುವಾಗ ನಾಲಗೆಯಲ್ಲಿ ಮಿಂಚು ಹರಿದಂತಾಯಿತು. ಮುಂದೆ ಆರು ವಾರ ನಾಲಗೆಯ ಬಲಭಾಗ ನನ್ನದಲ್ಲವೆಂಬಂತಿತ್ತು. ಮಕ್ಕಳಿಗೆ ಲಕಾರ ಳಕಾರಗಳ ಭೇದವನ್ನು ಉಚ್ಚರಿಸಿ ತೋರಿಸಬೇಕಾದ ಕನ್ನಡ ಪಂಡಿತನಿಗೆ ಇದು ಸಣ್ಣ ಕಷ್ಟವಲ್ಲ. ಅದು ತಾನಾಗಿ ವಾಸಿಯಾಯಿತು. ಕಾರಣವನ್ನು ಅರಸಿ ಹೊರಟ ನನಗೆ ದೊರೆತ ಚರಿತ್ರೆ ಇದು.

ಕೋಕಾ ಎಲೆಯ ಸತ್ವವಾದ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ವಿಯೆನ್ನಾದ ಕಾರ್ಲ್ ಕೊಲ್ಲರನು ೧೮೮೪ರಲ್ಲಿ ತೋರಿಸಿದನು. ಸ್ವಲ್ಪ ಕಾಲದಲ್ಲಿಯೇ ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಮತ್ತು ರಿಚರ್ಡ್ ಹಾಲ್ ಅದನ್ನು ದವಡೆಯ ನರದ ಬಳಿ ಚುಚ್ಚಿ ಹಲ್ಲುಗಳ ನೋವನ್ನು ಅಡಗಿಸಿದರು. ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ ಹಾಲ್‌ಸ್ಟೆಡ್ ಕೊಕೇನಿನ ಚಟಕ್ಕೆ ಸಿಕ್ಕಿ ಬಳಲಿದನು. ಚಟ ಹಿಡಿಸದ ಮದ್ದು ಬೇಕಾಯಿತು. ಜರ್ಮನಿಯ ಐನ್‌ಹಾರ್ನನು ೧೯೦೪ರಲ್ಲಿ ಪ್ರೊಕೇನನ್ನೂ ಸ್ವೀಡನಿನ ಲೋಫ್‌ಗ್ರೆನ್ ೧೯೪೩ರಲ್ಲಿ ಲಿಡೋಕೇನನ್ನೂ ಸಿದ್ಧಪಡಿಸಿದರು.

ಮದ್ದು ಬದಲಾಯಿತು, ಸೂಜಿ ಹೋಗುವ ದಾರಿ ಬಹುಮಟ್ಟಿಗೆ ಹಳೆಯದೇ ಉಳಿಯಿತು. ಕೆಳಹಲ್ಲುಗಳ ನರವು ದವಡೆಯೆಲುಬಿನ ಒಳಮೈಯಲ್ಲಿರುವ ರಂಧ್ರವೊಂದರಲ್ಲಿ ಇಳಿಯುತ್ತದೆ. ಅಲ್ಲಿಗೆ ಮುಟ್ಟಬೇಕಾದ ಸೂಜಿ ನಾಲಗೆಯ ನರದ ಸಮೀಪದಲ್ಲಿಯೇ ಹಾಯಬೇಕು. ಬಾಯನ್ನು ಅಗಲವಾಗಿ ತೆರೆದಾಗ ಈ ನರ ಬಿಗಿದು ನಿಲ್ಲುವುದರಿಂದ ಅದು ಪಕ್ಕಕ್ಕೆ ಸರಿಯಲಾರದು. ಸೂಜಿಯ ಮೊನೆ ತಾಗಬಹುದು. ನರದೊಳಗೆ ರಕ್ತ ಒಸರಿ ಒತ್ತಬಹುದು. ಮದ್ದೇ ನರಕ್ಕೆ ವಿಷವಾಗಬಹುದು. ನಾಲಗೆಯ ಮುಂದಿನ ಮೂರರಲ್ಲಿ ಎರಡು ಪಾಲಿನ ಸ್ಪರ್ಶಜ್ಞಾನ ಈ ನರದ್ದು. ರುಚಿಯ ತಂತುಗಳೂ ಇದರ ಜೊತೆಯಲ್ಲಿಯೇ ಸಾಗುತ್ತವೆ. ಆದುದರಿಂದ ಕೆಲವರಿಗೆ ಉಪ್ಪು ಸಿಹಿಗಳೂ ತಿಳಿಯದೆ ಹೋಗುತ್ತವೆ.

ಇಂಥ ನೋವುಂಡವರನ್ನು ಎಣಿಸಿದವರುಂಟೆ? ಉಂಟು. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ದಂತವೈದ್ಯರು ತಾವಾಗಿ ವರದಿ ಮಾಡಿದ ಪ್ರಸಂಗಗಳನ್ನು ಹಾಸ್ ಮತ್ತು ಲೆನನ್ ಎಂಬವರು ೧೯೯೫ರಲ್ಲಿ ಪ್ರಕಟಿಸಿದರು. ೧೯೭೩ರಿಂದ ೧೯೯೩ರವರೆಗಿನ ೨೧ ವರ್ಷಗಳಲ್ಲಿ, ಶಸ್ತ್ರಕ್ರಿಯೆಯ ಸಂಬಂಧವಿಲ್ಲದೆ ಜೋಮು ಉಳಿದವರು ೧೪೩ ಮಂದಿ. ೧೯೯೩ರ ಲೆಕ್ಕದಂತೆ ಸುಮಾರು ೭,೮೫,೦೦೦ ಚುಚ್ಚುಮದ್ದಿಗೆ ಒಬ್ಬರು. ಆ ವರ್ಷದ ೧೪ ಪ್ರಸಂಗಗಳಲ್ಲಿಯೂ ಬಳಸಿದ್ದು ಶೇಕಡ ೪ರ ಸಾಂದ್ರತೆಯ ಆರ್ಟಿಕೇನ್ ಅಥವಾ ಪ್ರಿಲೋಕೇನ್; ಲಿಡೋಕೇನಾದರೋ ರೂಢಿಯಲ್ಲಿ ಶೇಕಡ ೨. ದೋಷ ಮದ್ದಿನದೋ ಸೂಜಿಯದೋ ಎಂಬ ಚರ್ಚೆ ಮುಗಿದಿಲ್ಲ. ಆದರೆ ಚರ್ಚೆ ಹುಟ್ಟಿದ್ದೇ ತಮ್ಮ ಕೈಯಿಂದಾದ ಕೇಡನ್ನು ಮುಚ್ಚಿಡದೆ ಬರೆದಿಟ್ಟ ವೈದ್ಯರಿಂದ.

ಆದ್ದರಿಂದ, ಓದುಗರೇ, ಹೆದರಿ ಹಲ್ಲುನೋವನ್ನು ಸಹಿಸಿಕೊಂಡು ಕೂರಬೇಡಿ. ಬಹುಮಂದಿಗೆ ಇದು ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಸೂಜಿ ಚುಚ್ಚುವಾಗ ಮಿಂಚು ಹರಿದಂತಾದರೆ ಕೂಡಲೇ ಸನ್ನೆಮಾಡಿ. ಮರುದಿನವೂ ಜೋಮು ಬಿಡದಿದ್ದರೆ ಸಂಕೋಚಪಡದೆ ಹೋಗಿ ಹೇಳಿ, ಬರೆದಿಟ್ಟುಕೊಳ್ಳಲು ಕೇಳಿ. ನಾನು ಆಗ ಹೇಳಲಿಲ್ಲ. ಉಪಾಧ್ಯಾಯನಾದವನು ಇಷ್ಟಕ್ಕೆಲ್ಲ ದೂರುವುದೇ ಎಂದು ಸುಮ್ಮನಾದೆ. ಹಾಗೆ ಸುಮ್ಮನಿದ್ದವರು ಯಾವ ಲೆಕ್ಕಕ್ಕೂ ಸೇರುವುದಿಲ್ಲ.