ಇಳಿದು ಬಂದ ಅವತಾರ

ಅವತಾರ

ಆನ್‌ಲೈನ್ ಸೂಪರ್‌ಹೀರೋ ಆಟಗಳಲ್ಲಿ ಆಟಗಾರರು ಹೆಸರು, ಮುಸುಕು, ಶಕ್ತಿ ಕೊಟ್ಟು ತಾವೇ ಕಟ್ಟಿಕೊಳ್ಳುವ ಪಾತ್ರಕ್ಕೆ ‘ಅವತಾರ್’ ಎನ್ನುವುದುಂಟು. ಹಳೆಯ ಪದವೇ ಬಾಲದ ಅಕಾರ ಕಳೆದುಕೊಂಡು ಮರಳಿದೆ.

ಸಂಸ್ಕೃತದಲ್ಲಿ ‘ತೄ’ ಎಂದರೆ ದಾಟು. ‘ಅವ’ ಸೇರಿದರೆ ಕೆಳಗಿಳಿ. ‘ತೀರ್ಥ’ವೂ ಇದೇ ಧಾತುವಿನದು. ದೇವರು ಭೂಮಿಗಿಳಿಯುವುದು ಮೂಲಾರ್ಥ. ತಮಿಳಿನಲ್ಲಿ ಅವತಾರಂ, ತೆಲುಗಿನಲ್ಲಿ ಅವತಾರಮು. 18ನೇ ಶತಮಾನದ ಕೊನೆಗೆ ಇಂಗ್ಲಿಷಿಗೂ ಹೋಯಿತು. 1985ರ ‘ಅಲ್ಟಿಮಾ 4’ ಆಟದ ಉಪಶೀರ್ಷಿಕೆಯಲ್ಲೇ ಅದಿತ್ತು. ಮರುವರ್ಷ ‘ಹ್ಯಾಬಿಟಾಟ್’ ಎಂಬ ಆನ್‌ಲೈನ್ ಆಟ, ಆಟಗಾರರ ಪರದೆಯ ರೂಪಕ್ಕೆ ಅದನ್ನೇ ಬಳಸಿತು. 2004ರ ‘ಸಿಟಿ ಆಫ್ ಹೀರೋಸ್’ನಲ್ಲಿ ಜನ ಸ್ವಂತ ವೀರರನ್ನು ರೂಪಿಸಿ, ತಂಡ ಕಟ್ಟಿ ಆಡಿದರು.

ಕನ್ನಡದ ಮನೆಮಾತು ಮಾತ್ರ ದೇವರ ಈ ಪದಕ್ಕೆ ಅಷ್ಟೇನೂ ಭಯಭಕ್ತಿ ತೋರುವುದಿಲ್ಲ. ಕೆದರಿದ ತಲೆ ಕಂಡರೆ ‘ಏನೋ ಇದು ನಿನ್ನ ಅವತಾರ!’ ಎನ್ನುತ್ತದೆ.

ಯಕ್ಷಗಾನಕ್ಕೆ ‘ದಶಾವತಾರ ಆಟ’ ಎಂಬ ಹೆಸರಿದ್ದರೂ ಅಲ್ಲಿ ಪಾತ್ರ ಮಾಡುವವರು ‘ವೇಷಧಾರಿ’ಗಳು, ಗೇಮಿಗೂ ‘ವೇಷ’ವೇ ಚೆನ್ನಾಗಿ ಒಪ್ಪುತ್ತಿತ್ತು.