ವಹಿವಾಟು ಬೇರೆ, ಲಾಭ ಬೇರೆ: ಸಣ್ಣ ಅಂಗಡಿಗೆ ಜಿಎಸ್‌ಟಿ ಅಂದ್ರೇನು?

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದೇ ತಡ, ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಬಿತ್ತು. ನಿಯಮ ಏನು ಹೇಳುತ್ತೆ?

ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂ., ಸೇವೆ ಕೊಡುವವರದ್ದು 20 ಲಕ್ಷ ರೂ. ದಾಟಿದರೆ ನೋಂದಣಿ ಕಡ್ಡಾಯ. ಇದು ಲಾಭವಲ್ಲ, ಒಟ್ಟು ವಹಿವಾಟು. ಹೋಟೆಲ್‌ ಸೇವೆಯ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ದಿನಕ್ಕೆ 5,500 ರೂ. ವ್ಯಾಪಾರವಾಗೋ ತಿಂಡಿ ಹೋಟೆಲ್ಲೂ ಮಿತಿ ದಾಟುತ್ತೆ. ತಾಜಾ ತರಕಾರಿ, ಹಾಲು ಮಾತ್ರ ಮಾರುವವರಿಗೆ ನೋಂದಣಿಯೇ ಬೇಡ.

ಮಿತಿ ದಾಟಿದವರಿಗೆ ಕಾಂಪೋಸಿಷನ್ ಎಂಬ ಸುಲಭ ದಾರಿ ಇದೆ. 1.5 ಕೋಟಿ ರೂ. ವಹಿವಾಟಿನವರೆಗೆ ವ್ಯಾಪಾರಿಗೆ 1%, ಹೋಟೆಲಿಗೆ 5% ತೆರಿಗೆ. ಅದನ್ನು ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ, ಕೈಯಿಂದಲೇ ಕಟ್ಟಬೇಕು.

ತೊಡಕು ಇರೋದು ಇಲ್ಲಿ: ಕಳೆದ ವರ್ಷಗಳಿಗೆ ಈ ದಾರಿ ಸಿಗಲ್ಲ. ನನ್ನ ಪ್ರಕಾರ ಮೊದಲು ಹೋಗಬೇಕಾದ್ದು ಕನ್ನಡದಲ್ಲಿ ಮಾಹಿತಿ, ಆಮೇಲೆ ನೋಟಿಸ್. ಹಳೇ ಬಾಕಿ ತೋರಿಸಿ ನೋಂದಣಿಗೆ ಕರೆದರೆ, ಅಂಗಡಿಯವರು ಮೊದಲು ಕಿತ್ತು ಹಾಕೋದು ಕ್ಯೂಆರ್ ಕೋಡನ್ನೇ.