ಒಬಾಟಾ ಬರೆದ ಬೆಟ್ಟಗಳು

ಯೊಸೆಮಿಟಿಗೆ ಹೋಗಿಬಂದಿದ್ದರೆ ನಿಮ್ಮ ಫೋನಿನಲ್ಲಿ ಬೆಟ್ಟದ ಚಿತ್ರಗಳು ನೂರಾದರೂ ಇದ್ದಾವು. 1927ರ ಬೇಸಿಗೆಯಲ್ಲಿ ಚಿಯುರಾ ಒಬಾಟಾ ಅದೇ ಬೆಟ್ಟಗಳಲ್ಲಿ ಆರು ವಾರ ಸುತ್ತಾಡಿ ನೂರರಷ್ಟು ಚಿತ್ರ ತಂದರು. ಎಲ್ಲವೂ ಕೈಯಲ್ಲಿ ಬರೆದವು!

ಜಪಾನಿನಲ್ಲಿ ಹುಟ್ಟಿದ ಒಬಾಟಾ 1903ರಲ್ಲಿ, ಹದಿನೇಳರ ಹರೆಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಮನೆಗೆಲಸ ಮಾಡಿ, ಪತ್ರಿಕೆಗಳಿಗೆ ಚಿತ್ರ ಬರೆದು ಬದುಕಿದರು.

ಜಲವರ್ಣದಲ್ಲಿ ಬೆಟ್ಟ ಬರೆಯುವುದು ತಾಳ್ಮೆಯ ಕೆಲಸ. ದೂರದ ಸಾಲಿಗೆ ನೀರೇ ಹೆಚ್ಚಿರುವ ತೆಳು ಬಣ್ಣ. ಅದು ಒಣಗಿದ ಮೇಲೆ ಹತ್ತಿರದ ಸಾಲಿಗೆ ತುಸು ಗಾಢ. ಅವಸರ ಮಾಡಿದಿರೋ, ಎರಡೂ ಕಲೆಸಿಹೋಗುತ್ತವೆ. ಹಿಮಕ್ಕೆ ಬಿಳಿ ಬಳಿಯಬೇಕಿಲ್ಲ, ಕಾಗದವನ್ನು ಹಾಗೇ ಬಿಟ್ಟರಾಯಿತು. ಚಾರ್ಮಾಡಿ ಘಾಟಿಯ ಮುಂಜಾವಿನ ಮಂಜು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1928ರಲ್ಲಿ ಒಬಾಟಾ ಜಪಾನಿಗೆ ಮರಳಿದಾಗ ಟೋಕಿಯೋದ ತಕಾಮಿಜಾವಾ ಮುದ್ರಣಾಲಯದಲ್ಲಿ ಈ ಚಿತ್ರಗಳನ್ನು ಮರದ ಅಚ್ಚುಗಳಿಗೆ ಇಳಿಸಿದರು. ಕುಂಚ ಒಮ್ಮೆ ಹರಿದಾಗ ಮೂಡುವ ತಿಳಿಬಣ್ಣ ಅಚ್ಚಿಗೆ ಸುಲಭಕ್ಕೆ ಸಿಗುವುದಿಲ್ಲ. ಒಂದೊಂದು ಹಾಳೆಯನ್ನೂ ನೂರಕ್ಕೂ ಹೆಚ್ಚು ಸಲ ಒತ್ತಬೇಕಾಯಿತು. 1930ರ ಹೊತ್ತಿಗೆ 35 ಮುದ್ರಣಗಳು ಸಿದ್ಧವಾದವು. ಎರಡು ವರ್ಷದ ಬಳಿಕ ಬರ್ಕ್ಲಿ ವಿಶ್ವವಿದ್ಯಾಲಯ ಅವರನ್ನು ಅಧ್ಯಾಪಕರನ್ನಾಗಿ ಮಾಡಿಕೊಂಡಿತು.

ಆದರೂ ಕಾನೂನಿನ ಕಣ್ಣಿಗೆ ಅವರು ಪರಕೀಯರೇ. ಜಪಾನೀಯರು ಪೌರರಾಗುವಂತಿಲ್ಲ ಎಂದು 1922ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಮರುವರ್ಷ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ನಮ್ಮವರಿಗೂ ಅದೇ ತೀರ್ಪು. ಇಂದು ಹಸಿರು ಕಾರ್ಡಿಗೆ ಕಾಯುತ್ತ ಗೊಣಗುವ ನಾವು ಇದನ್ನು ತಿಳಿದಿರಬೇಕು.

1942ರಲ್ಲಿ, ಯುದ್ಧದ ನೆಪದಲ್ಲಿ, ಜಪಾನೀ ಮೂಲದವರನ್ನೆಲ್ಲ ಈ ಕರಾವಳಿಯಿಂದ ಹೊರಡಿಸಿದರು. ಒಬಾಟಾ ಕುಟುಂಬ ಸೇರಿದ್ದು ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್ ಕುದುರೆ ರೇಸಿನ ಮೈದಾನಕ್ಕೆ. ಕುದುರೆ ಲಾಯಗಳೂ ಅಲ್ಲಿ ಮನೆಗಳಾದವು. ನೀವು ಬಾರ್ಟ್ ರೈಲಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವಾಗ ದಾಟುವ ಜಾಗವದು. ಕೆಲವೇ ವಾರಗಳಲ್ಲಿ ಒಬಾಟಾ ಗೆಳೆಯರ ಜೊತೆ ಅಲ್ಲೊಂದು ಚಿತ್ರಶಾಲೆ ತೆರೆದರು. ಮಕ್ಕಳಿಂದ ಮುದುಕರವರೆಗೆ ಆರುನೂರಕ್ಕೂ ಹೆಚ್ಚು ಜನ ಕಲಿಯಲು ಬಂದರು. ಮುಂದೆ ಯೂಟಾದ ಟೊಪಾಜ್ ಮರುಭೂಮಿಯ ಶಿಬಿರದಲ್ಲೂ ಶಾಲೆ ನಡೆಯಿತು. ಅಲ್ಲಿನ ಬೆಳದಿಂಗಳನ್ನು ಅವರು ಬರೆದ ಚಿತ್ರವೊಂದು ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟರಿಗೆ ಕಾಣಿಕೆಯಾಗಿ ಹೋಯಿತು.

1945ರಲ್ಲಿ ಬರ್ಕ್ಲಿಗೆ ಮರಳಿ ಮತ್ತೆ ಪಾಠ ಹಿಡಿದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ಜಪಾನೀಯರಿಗೆ 1952ರಲ್ಲಿ. ಒಬಾಟಾ ಅಮೆರಿಕದ ಪೌರರಾದದ್ದು 1954ರಲ್ಲಿ, ಬಂದು ಐವತ್ತೊಂದು ವರ್ಷಕ್ಕೆ. ನಿವೃತ್ತರಾದದ್ದೂ ಅದೇ ವರ್ಷ. ಆಮೇಲೆ ವರ್ಷಗಟ್ಟಲೆ ಅಮೆರಿಕನ್ನರ ತಂಡಗಳನ್ನು ಕಟ್ಟಿಕೊಂಡು ಜಪಾನ್ ತೋರಿಸಿ ಬಂದರು.